ಸ್ಟ್ಯಾಂಡಿಂಗ್ ಆರ್ಡರ್ ಬಲ್ಲ ಹಿರಿಯರಿಗೆ

ವಿಮಾನಪುರ, ಮುರುಗೇಶಪಾಳ್ಯ, ಕೋನೇನ ಅಗ್ರಹಾರ, ಅಣ್ಣಸಂದ್ರಪಾಳ್ಯ, ವಿಭೂತಿಪುರ, ಮಾರತ್ತಹಳ್ಳಿ ಕಡೆ ನೆಲೆಸಿರುವ ನಿವೃತ್ತ ಕಾರ್ಖಾನೆ ಕಾರ್ಮಿಕರಿಗೆ,



ಕಾರ್ಖಾನೆಯ ನಿಯಮ ಗುಟ್ಟಾಗಿರಬಾರದೆಂಬುದು ಈ ದೇಶದಲ್ಲಿ ಕಾನೂನಾದದ್ದು 1946ರಲ್ಲಿ. ಆ ವರ್ಷ ಬಂದ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆಯ ಪ್ರಕಾರ, ನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಹಾಜರಿ ಹಾಕುವ ರೀತಿ, ರಜೆ ಕೇಳುವ ರೀತಿ, ತಡವಾಗಿ ಬಂದರೆ ಏನು, ಯಾವುದೆಲ್ಲ ದುರ್ನಡತೆ, ಕೆಲಸದಿಂದ ತೆಗೆಯುವ ಕ್ರಮ ಯಾವುದು ಎಂಬುದನ್ನು ಮಾಲೀಕ ಬರೆದಿಟ್ಟು ಸರ್ಕಾರದ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕಿತ್ತು. ಬರೆದರಷ್ಟೇ ಸಾಲದು ಎಂದು ಒಂಬತ್ತನೆಯ ಕಲಮು ಹೇಳಿತು. ಆ ನಿಯಮಗಳನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ, ಅವರು ಒಳಗೆ ಬರುವ ಬಾಗಿಲ ಹತ್ತಿರ ಮತ್ತು ಪ್ರತಿ ವಿಭಾಗದಲ್ಲೂ ಹಲಗೆಯ ಮೇಲೆ ಹಾಕಬೇಕಿತ್ತು. ಬಾಗಿಲೆಂದರೆ ಯಾವುದೋ ಒಂದು ಬಾಗಿಲಲ್ಲ. ಹೆಚ್ಚಿನ ಕಾರ್ಮಿಕರು ಬಳಸುವ ಬಾಗಿಲು ಎಂದು ಕಾಯ್ದೆಯಲ್ಲೇ ಬರೆದಿತ್ತು. ಕಾಗದವನ್ನು ಸಾಹೇಬರ ಕೋಣೆಯ ಹೊರಗೆ ತೂಗುಹಾಕಿ ಕೈತೊಳೆದುಕೊಳ್ಳುವಂತಿರಲಿಲ್ಲ.

ಈಗ ವಿಮಾನಪುರದ ಸುತ್ತ ಬೆಳೆದಿರುವ ಹೊಸ ಕೆಲಸಕ್ಕೆ ಗೇಟೇ ಇಲ್ಲ. ಮನೆಗೆ ಊಟ, ದಿನಸಿ, ಔಷಧಿ ತಂದುಕೊಡುವ ಹುಡುಗರೂ ಬೈಕ್ ಟ್ಯಾಕ್ಸಿ, ಕ್ಯಾಬ್ ಓಡಿಸುವವರೂ ಮೊಬೈಲಿನಲ್ಲಿ ಲಾಗಿನ್ ಆಗಿ ಕೆಲಸಕ್ಕಿಳಿಯುತ್ತಾರೆ, ಮೊಬೈಲಿನಲ್ಲೇ ಕೆಲಸ ಕಳೆದುಕೊಳ್ಳುತ್ತಾರೆ. ಕರ್ನಾಟಕದಲ್ಲಿ 2025ರಲ್ಲಿ ಇವರಿಗಾಗಿಯೇ ಒಂದು ಕಾಯ್ದೆ ಬಂದಿದೆ. ಅದನ್ನು ಓದಿ ಅರ್ಥಮಾಡಿಕೊಂಡು ಬಳಸುವುದಕ್ಕೆ ಬೇಕಾದ ತಿಳಿವಳಿಕೆ ಈ ಊರಿನಲ್ಲಿ ಯಾರಲ್ಲಾದರೂ ತುಂಬಿಕೊಂಡಿದ್ದರೆ ಅದು ತಮ್ಮಲ್ಲಿ. ಪತ್ರವನ್ನು ಹುಡುಗರಿಗೆ ಬರೆಯದೆ ತಮಗೆ ಬರೆದಿರುವುದು ಅದಕ್ಕೇ.

ಆ ತಿಳಿವಳಿಕೆ ಬೆಳೆದದ್ದು ಇಲ್ಲಿನ ಕಾರ್ಖಾನೆಯಲ್ಲಿ. ವಿಮಾನಪುರ ಹುಟ್ಟಿದ್ದು ಸರ್ಕಾರದ ಒಂದು ತೀರ್ಮಾನದಿಂದ. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಜಮೀನು ಕೊಟ್ಟದ್ದು ಸಂಸ್ಥಾನ. ಮರುವರ್ಷವೇ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. ಯುದ್ಧದ ಒತ್ತಡದಲ್ಲಿ 1942ರಲ್ಲಿ ಭಾರತ ಸರ್ಕಾರ ಆಡಳಿತ ವಹಿಸಿಕೊಂಡಿತು. 1943ರಿಂದ ಅಮೆರಿಕದ ವಾಯುಸೇನೆಯ ವಿಮಾನಗಳು ಇಲ್ಲಿ ರಿಪೇರಿಯಾದವು. ಯುದ್ಧ ಮುಗಿದ ಮೇಲೆ ಇಷ್ಟು ಜನ ಕುಶಲಕರ್ಮಿಗಳಿಗೆ ಏನು ಕೆಲಸ ಕೊಡುವುದೆಂಬ ಪ್ರಶ್ನೆ ಎದುರಾದಾಗ ವಿಮಾನದ ಕಾರ್ಖಾನೆ ರೈಲು ಬೋಗಿ ಮಾಡಿತು. ಆ ಬೋಗಿಯ ಕೆಲಸವೇ ಮುಂದೆ 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಹೋಯಿತು. 1951ರಲ್ಲಿ ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು. 1961ರ ಜೂನ್ 17ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸದ ಮಾರುತ್ ಯುದ್ಧವಿಮಾನವನ್ನು ಸುರಂಜನ್ ದಾಸ್ ಮೊದಲ ಬಾರಿಗೆ ಹಾರಿಸಿದರು. 1970ರಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡ ಅವರ ಹೆಸರು ಈಗ ಇಲ್ಲಿನ ಒಂದು ರಸ್ತೆಗಿದೆ. 1964ರ ಅಕ್ಟೋಬರ್ 1ರಂದು ಕಂಪನಿ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಆಯಿತು.

ಯಂತ್ರ ಬಂದಷ್ಟು ಬೇಗ ಕಾನೂನು ಬರಲಿಲ್ಲ. 1948ರ ಫ್ಯಾಕ್ಟರಿ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ ಒಂಬತ್ತು ಗಂಟೆ ಎಂಬ ಮಿತಿ ಹಾಕಿತು. ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ, ಕುಡಿಯುವ ನೀರು, ಶೌಚಾಲಯ, 250ಕ್ಕಿಂತ ಹೆಚ್ಚು ಜನರಿದ್ದರೆ ಕ್ಯಾಂಟೀನು ಎಂದಿತು. ಅದೇ ವರ್ಷ ಇಎಸ್‌ಐ ಕಾನೂನು ಬಂತು. ಪಿಎಫ್ 1952ರಲ್ಲಿ, ಬೋನಸ್ 1965ರಲ್ಲಿ, ಗ್ರಾಚ್ಯುಯಿಟಿ 1972ರಲ್ಲಿ. ಸಸ್ಪೆಂಡ್ ಆದ ಕಾರ್ಮಿಕನ ಮನೆಯಲ್ಲಿ ವಿಚಾರಣೆ ಮುಗಿಯುವವರೆಗೆ ಒಲೆ ಹೊತ್ತಲೇಬೇಕಲ್ಲ ಎಂಬುದು ಕಾನೂನಿಗೆ ಹೊಳೆದದ್ದು 1982ರಲ್ಲಿ: ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು. ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆ ಬಂದು ಅಷ್ಟರಲ್ಲಿ 36 ವರ್ಷ ಕಳೆದಿತ್ತು. ಇವುಗಳಲ್ಲಿ ಯಾವುದೂ ತಾನಾಗಿ ಬಂದದ್ದಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ಸಂಬಳ ಕೇಳಿ 77 ದಿನ ಮುಷ್ಕರ ಹೂಡಿದ್ದನ್ನು ತಮಗೆ ಹೇಳಬೇಕಾಗಿಲ್ಲ. ಕೇಳಿದ್ದು ಸಿಗಲಿಲ್ಲ. ಆದರೆ ಕೇಳುವುದನ್ನು ಒಂದು ಇಡೀ ಪೀಳಿಗೆ ಕಲಿಯಿತು.

ಆ ಕಾಲವನ್ನು ಹಾಡಿ ಹೊಗಳುವುದಕ್ಕೂ ಮಿತಿಯಿದೆ. ಕ್ಯಾಂಟೀನಿನಲ್ಲಿ ತಟ್ಟೆ ತೊಳೆದವರು, ಹುಲ್ಲು ಕೊಯ್ದವರು, ಲೋಡಿಂಗ್ ಮಾಡಿದವರು ಹೆಚ್ಚಿನ ಕಾರ್ಖಾನೆಗಳಲ್ಲಿ ಕಂಟ್ರಾಕ್ಟಿನವರು. ಅವರಿಗಾಗಿ 1970ರಲ್ಲಿ ಬೇರೆ ಕಾಯ್ದೆ ಬಂದರೂ ಕಾಯಂ ಕಾರ್ಮಿಕನಿಗೆ ಸಿಕ್ಕ ಭದ್ರತೆ ಅವರನ್ನು ತಲುಪಲಿಲ್ಲ. ಅನೇಕ ಸಂಘಗಳು ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲೂ ಹಿಂದೆಮುಂದೆ ನೋಡಿದವು. ಒಂದೇ ಗೇಟಿನೊಳಗೆ ಹೋಗುವವರಲ್ಲೇ ಒಬ್ಬ ಕಾನೂನಿನ ಒಳಗೆ, ಇನ್ನೊಬ್ಬ ಹೊರಗೆ ಇದ್ದ ಮೇಲೆ, ಆ್ಯಪ್ ಕಂಪನಿಗಳು ಎಲ್ಲರನ್ನೂ ಹೊರಗೇ ಇಡುವ ದಾರಿ ಕಂಡುಕೊಂಡದ್ದು ತೀರ ಅನಿರೀಕ್ಷಿತವೇನಲ್ಲ.

ನೀತಿಯೊಂದು ಜೀವನೋಪಾಯವನ್ನೇ ತಿರುಗಿಸಿಬಿಡುವುದನ್ನು ಈ ಬಡಾವಣೆಗಳು 2008ರಲ್ಲೂ ಕಂಡವು. ದೇವನಹಳ್ಳಿ ವಿಮಾನ ನಿಲ್ದಾಣದ ಒಪ್ಪಂದದಲ್ಲಿ ಅದು ತೆರೆದ ಮೇಲೆ ಎಚ್‌ಎಎಲ್ ನಿಲ್ದಾಣ ಪ್ರಯಾಣಿಕ ಸೇವೆ ನಡೆಸಬಾರದೆಂಬ ಕಲಮಿತ್ತು. ಆ ವರ್ಷದ ಮೇ ತಿಂಗಳ ಒಂದು ರಾತ್ರಿ ಎಚ್‌ಎಎಲ್ ನಿಲ್ದಾಣದಿಂದ ನಾಗರಿಕ ವಿಮಾನಗಳು ನಿಂತವು. ಏರ್‌ಪೋರ್ಟ್ ರಸ್ತೆ ಹಳೇ ಏರ್‌ಪೋರ್ಟ್ ರಸ್ತೆಯಾಯಿತು. ಬಾಡಿಗೆ ಕಾರಿನವರು, ಪಾರ್ಕಿಂಗಿನವರು, ರಾತ್ರಿಯಿಡೀ ಟೀ ಮಾರುತ್ತಿದ್ದವರು ಬೇರೆ ದಾರಿ ನೋಡಿಕೊಂಡರು. ಮುಂದಿನ ಕೆಲವೇ ವರ್ಷಗಳಲ್ಲಿ ಸ್ಮಾರ್ಟ್‌ಫೋನು, ಅಗ್ಗದ ಡೇಟಾ, ಹೊರ ವರ್ತುಲ ರಸ್ತೆಯ ಐಟಿ ಕಚೇರಿಗಳು, ಇಂದಿರಾನಗರದ ಹೋಟೆಲುಗಳು ಸೇರಿ ಇದೇ ರಸ್ತೆಗೆ ಹೊಸ ವಾಹನಗಳನ್ನು ತಂದವು. ಸಂಜೆ ಏಳರ ಮೇಲೆ ಸುರಂಜನ್ ದಾಸ್ ರಸ್ತೆಯಲ್ಲಿ ನಿಂತವರಿಗೆ ಬೆನ್ನಿಗೆ ಚೌಕ ಚೀಲ ಹೊತ್ತ ಬೈಕುಗಳೇ ಕಾಣುತ್ತವೆ. ಓಡಿಸುವವರಲ್ಲಿ ಕಲಬುರಗಿ, ರಾಯಚೂರು, ಯಾದಗಿರಿಯವರೂ ಇದ್ದಾರೆ, ಅಸ್ಸಾಮು, ಒಡಿಶಾದವರೂ ಇದ್ದಾರೆ. ದೇಶದಲ್ಲಿ ಇಂಥ ಕೆಲಸದಲ್ಲಿರುವವರು 2020–21ರಲ್ಲಿ 77 ಲಕ್ಷ ಎಂದು ನೀತಿ ಆಯೋಗದ 2022ರ ವರದಿ ಅಂದಾಜು ಮಾಡಿತ್ತು, 2029–30ಕ್ಕೆ 2.35 ಕೋಟಿಯಾಗಬಹುದೆಂದಿತ್ತು.

ಆ್ಯಪಿನ ಕೆಲಸ ನಡೆಯುವ ರೀತಿ ಕಾರ್ಖಾನೆಯ ಶಾಪ್ ಫ್ಲೋರ್ ಬಲ್ಲವರಿಗೆ ಪರಿಚಿತವೆನಿಸಬೇಕು. ಟೈಮ್ ಸ್ಟಡಿಯವರು ಸ್ಟಾಪ್‌ವಾಚ್ ಹಿಡಿದು ಬಂದು ಒಂದು ಬಿಡಿಭಾಗಕ್ಕೆ ಇಷ್ಟು ನಿಮಿಷ ಎಂದು ಗೊತ್ತುಮಾಡುತ್ತಿದ್ದರು. ಅದಕ್ಕಿಂತ ಬೇಗ ಮಾಡಿದರೆ ಇನ್ಸೆಂಟಿವ್. ಆ ನಿಮಿಷ ಅನ್ಯಾಯವೆನಿಸಿದರೆ ಸಂಘದವರು ಎದ್ದು ನಿಂತು ಮತ್ತೆ ಅಳೆಯಿರಿ ಎನ್ನುತ್ತಿದ್ದರು. ವಾದ, ಸಭೆ, ಒಪ್ಪಂದ, ಸಹಿ. ಇನ್ಸೆಂಟಿವ್ ಸ್ಕೀಮಿನ ಲೆಕ್ಕ ಎರಡೂ ಕಡೆಯವರ ಕೈಯಲ್ಲಿರುತ್ತಿತ್ತು. ಆ್ಯಪಿನಲ್ಲೂ ಇದೇ ಅಳತೆಯಿದೆ, ಇನ್ನೂ ಸೂಕ್ಷ್ಮವಾಗಿ: ಹೋಟೆಲಿನಲ್ಲಿ ಕಾದದ್ದೆಷ್ಟು, ದಾರಿಯಲ್ಲಿ ನಿಂತದ್ದೆಷ್ಟು, ಎಷ್ಟು ಆರ್ಡರ್ ನಿರಾಕರಿಸಿದ, ಗಿರಾಕಿ ಎಷ್ಟು ನಕ್ಷತ್ರ ಕೊಟ್ಟರು. ಇವನ್ನೆಲ್ಲ ಒಂದು ಗಣಿತಸೂತ್ರ ತೂಗಿ ಮುಂದಿನ ಆರ್ಡರ್ ಯಾರಿಗೆ, ಈ ವಾರದ ಇನ್ಸೆಂಟಿವ್ ಎಷ್ಟಕ್ಕೆ ಎಂದು ತೀರ್ಮಾನಿಸುತ್ತದೆ. ಸೂತ್ರ ಕಂಪನಿಯ ಬಳಿ ಮಾತ್ರ. ಕಳೆದ ವಾರ ಇಂತಿಷ್ಟು ಆರ್ಡರಿಗೆ ಸಿಗುತ್ತಿದ್ದ ಇನ್ಸೆಂಟಿವ್ ಈ ವಾರ ಇನ್ನೂ ನಾಲ್ಕೈದು ಆರ್ಡರ್ ದಾಟಿದರೆ ಮಾತ್ರ ಎಂದಾದರೆ, ಅದು ತಿಳಿಯುವುದು ಬೆಳಿಗ್ಗೆ ಲಾಗಿನ್ ಆದಾಗ.

ತಾವು ‘ನೈನ್-ಎ ನೋಟಿಸ್’ ಎನ್ನುತ್ತಿದ್ದದ್ದನ್ನು ಇಲ್ಲಿ ನೆನೆಯಬೇಕು. ಕೈಗಾರಿಕಾ ವಿವಾದಗಳ ಕಾಯ್ದೆಗೆ 1956ರಲ್ಲಿ ಸೇರಿದ 9ಎ ಕಲಮಿನಂತೆ ಸಂಬಳ, ಕೆಲಸದ ಹೊತ್ತು, ಭತ್ಯೆಗಳಂಥ ಷರತ್ತು ಬದಲಿಸಬೇಕಾದರೆ 21 ದಿನ ಮೊದಲು ನೋಟಿಸ್ ಕೊಡಬೇಕಿತ್ತು. ಆ 21 ದಿನಗಳಲ್ಲೇ ಎಷ್ಟೋ ಮಾತುಕತೆಗಳು ನಡೆದು ಎಷ್ಟೋ ಬದಲಾವಣೆಗಳು ಸೌಮ್ಯವಾದವು.

ಡೆಲಿವರಿ ಹುಡುಗನಿಗೆ ಇದಾವುದೂ ಅನ್ವಯಿಸದಿರಲು ಕಾರಣ ಕಾಗದದ ಮೇಲೆ ಅವನು ನೌಕರನಲ್ಲ, ‘ಪಾರ್ಟ್‌ನರ್’. ಆ್ಯಪಿನ ಖಾತೆ ಮುಚ್ಚಿ ‘ಐಡಿ ಬ್ಲಾಕ್’ ಆದರೆ ಷೋಕಾಸ್ ನೋಟಿಸಿಲ್ಲ, ಚಾರ್ಜ್‌ಶೀಟಿಲ್ಲ, ಎನ್‌ಕ್ವೈರಿಯಲ್ಲಿ ಪಕ್ಕದಲ್ಲಿ ಕೂರಲು ಸಹೋದ್ಯೋಗಿಯಿಲ್ಲ, ಅರ್ಧ ಸಂಬಳವೂ ಇಲ್ಲ. ಕಂಪನಿಯೇ ಮುಚ್ಚಿಹೋದರೆ? ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿದಾಗ ಅಲ್ಲಿನ ಕಾರ್ಮಿಕರ ಗೋಳು ಸಣ್ಣದಾಗಿರಲಿಲ್ಲ. ಆದರೂ ಮುಚ್ಚುವ ಕಾರ್ಖಾನೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಪರಿಹಾರ ಕೊಡಬೇಕೆಂಬ ಕಾನೂನಾದರೂ ಹಿಡಿದುಕೊಳ್ಳಲು ಇತ್ತು. ಬೆಂಗಳೂರಿನಲ್ಲೇ ಹುಟ್ಟಿ ಹೆಸರು ಮಾಡಿದ ಡೆಲಿವರಿ ಕಂಪನಿ ಡನ್‌ಜೋ 2025ರ ಜನವರಿಯಲ್ಲಿ ಸ್ಥಗಿತವಾದಾಗ ಅದರ ಮೂಲಕ ದುಡಿಯುತ್ತಿದ್ದ ಸವಾರರಿಗೆ ಆ ಕಾನೂನು ಅನ್ವಯವಾಗುವಂತಿರಲಿಲ್ಲ.

ಈ ಖಾಲಿ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬುವುದು ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ. ರಾಜಸ್ಥಾನ 2023ರಲ್ಲಿ ಇಂಥ ಮೊದಲ ಕಾಯ್ದೆ ಮಾಡಿತು. ಕರ್ನಾಟಕ 2024ರ ಜೂನ್‌ನಲ್ಲಿ ಕರಡು ಪ್ರಕಟಿಸಿ, 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು ಸೆಪ್ಟೆಂಬರ್‌ನಲ್ಲಿ ಕಾಯ್ದೆಯನ್ನು ಪ್ರಕಟಿಸಿತು. ಕಾಯ್ದೆಯ ಬಹುಭಾಗವನ್ನು ಸ್ಟ್ಯಾಂಡಿಂಗ್ ಆರ್ಡರಿನ ದೂರದ ನೆಂಟನೆಂದೇ ಓದಬಹುದು. ಒಪ್ಪಂದ ಸರಳ ಭಾಷೆಯಲ್ಲಿರಬೇಕು. ಕನ್ನಡ, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ, ಕಾರ್ಮಿಕನಿಗೆ ತಿಳಿದ ಭಾಷೆಯಲ್ಲಿ ಸಿಗಬೇಕು. ಷರತ್ತು ಬದಲಿಸುವ ಮೊದಲು 14 ದಿನದ ನೋಟಿಸ್ ಕೊಡಬೇಕು. 9ಎ ಕಲಮಿನ 21 ದಿನಕ್ಕಿಂತ ಇದು ಒಂದು ವಾರ ಕಡಿಮೆ, ಸೊನ್ನೆಗಿಂತ ಎರಡು ವಾರ ಹೆಚ್ಚು. ಯಾವ ಕಾರಣಗಳಿಗೆ ಕೆಲಸದಿಂದ ತೆಗೆಯಬಹುದೆಂಬ ಪೂರ್ತಿ ಪಟ್ಟಿ ಒಪ್ಪಂದದಲ್ಲೇ ಇರಬೇಕು. ತೆಗೆಯುವಾಗ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ 14 ದಿನ ಮುಂಚಿತವಾಗಿ ಹೇಳಬೇಕು. ಹಣ ವಾರಕ್ಕೊಮ್ಮೆಯಾದರೂ ಕೊಡಬೇಕು, ಕಡಿತ ಮಾಡಿದರೆ ಯಾಕೆಂದು ತಿಳಿಸಬೇಕು. ಪ್ರಶ್ನೆ ಕೇಳಲು ಯಂತ್ರದ ಉತ್ತರವಲ್ಲದೆ ಮನುಷ್ಯರೊಬ್ಬರು ಸಿಗಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ತನ್ನ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತಿದೆ ಎಂಬ ಮಾಹಿತಿ ಕೇಳುವ ಹಕ್ಕು ಕಾರ್ಮಿಕನಿಗಿದೆ. ಐವತ್ತಕ್ಕಿಂತ ಹೆಚ್ಚು ಗಿಗ್ ಕಾರ್ಮಿಕರಿರುವ ಕಂಪನಿ ಆಂತರಿಕ ವಿವಾದ ಪರಿಹಾರ ಸಮಿತಿ ರಚಿಸಬೇಕು.

ಹಣದ ಮಾತು ಬೇರೆ. ಪ್ರತಿ ಆರ್ಡರಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡಾ 1ರಿಂದ 5ರ ಒಳಗೆ ಸರ್ಕಾರ ಗೊತ್ತುಪಡಿಸುವ ಕಲ್ಯಾಣ ಶುಲ್ಕವನ್ನು ಕಂಪನಿಯು ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯ ನಿಧಿಗೆ ಕಟ್ಟಬೇಕು. ಕಂಪನಿಗಳು ತಮ್ಮ ಕಾರ್ಮಿಕರ ಪಟ್ಟಿಯನ್ನು ಮಂಡಳಿಗೆ ಒಪ್ಪಿಸಬೇಕು. ಪ್ರತಿ ಕಾರ್ಮಿಕನಿಗೂ, ಎಷ್ಟು ಆ್ಯಪುಗಳಲ್ಲಿ ದುಡಿದರೂ ಒಂದೇ ಆಗಿರುವ ಗುರುತಿನ ಸಂಖ್ಯೆ ಸಿಗುತ್ತದೆ. ಕಾರ್ಖಾನೆಯಲ್ಲಿ ಟೋಕನ್ ನಂಬರ್ ಕೊಟ್ಟಂತೆಯೇ, ಆದರೆ ಕೊಡುವುದು ಮಂಡಳಿ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು ಹೆಸರಿಸುತ್ತದೆ. ಕಂಪನಿಗಳು ವಾರ್ಷಿಕ ವಹಿವಾಟಿನ ಶೇಕಡಾ 1ರಿಂದ 2ರಷ್ಟನ್ನು, ಕಾರ್ಮಿಕರಿಗೆ ಕೊಟ್ಟ ಮೊತ್ತದ ಶೇಕಡಾ 5ನ್ನು ಮೀರದಂತೆ, ನಿಧಿಗೆ ಕೊಡಬೇಕೆನ್ನುತ್ತದೆ. ಅದೇ ಹೊತ್ತಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಟ್ಯಾಂಡಿಂಗ್ ಆರ್ಡರಿನ ಮಿತಿಯನ್ನು ನೂರರಿಂದ ಮುನ್ನೂರು ಕಾರ್ಮಿಕರಿಗೆ ಏರಿಸಿದೆ. ಬೀದಿಯಲ್ಲಿ ದುಡಿಯುವವನು ಅರ್ಧ ಒಳಗೆ ಬರುವಾಗ ಸಣ್ಣ ಕಾರ್ಖಾನೆಯವನು ಅರ್ಧ ಹೊರಗೆ ಹೋದಂತಾಯಿತು. ಪೀಣ್ಯದಲ್ಲಿ, ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿರುವ ತಮ್ಮ ಮಕ್ಕಳು ಇದನ್ನು ಗಮನಿಸಿದ್ದಾರೋ ಇಲ್ಲವೋ.

ರಾಜ್ಯದ ಕಾಯ್ದೆಯಲ್ಲಿ ಏನಿಲ್ಲ ಎಂಬುದನ್ನೂ ಹೇಳಬೇಕು. ದಿನಕ್ಕೆ ಇಷ್ಟೇ ಗಂಟೆ ಎಂಬ ಮಿತಿಯಿಲ್ಲ. ಕನಿಷ್ಠ ಕೂಲಿಯಿಲ್ಲ. ಪಿಎಫ್, ಗ್ರಾಚ್ಯುಯಿಟಿ ಇಲ್ಲ. ಐಡಿ ಬ್ಲಾಕ್ ಆಗಿ ವಿಚಾರಣೆ ನಡೆಯುವ ದಿನಗಳಿಗೆ ಅರ್ಧ ಸಂಬಳದ ಮಾತಂತೂ ಇಲ್ಲವೇ ಇಲ್ಲ. ಕಾರ್ಖಾನೆಯವನಿಗೆ ಅದು ಸಿಗಲು 36 ವರ್ಷ ಹಿಡಿಯಿತೆಂದು ಇವರೂ ಅಷ್ಟು ವರ್ಷ ಕಾಯಬೇಕೆಂದೇನೂ ಇಲ್ಲ.

ಇಂಥ ಕಾಯ್ದೆಯ ದೊಡ್ಡ ಶತ್ರು ಅದನ್ನು ಯಾರೂ ಬಳಸದಿರುವುದು. ಲಿಖಿತವಾಗಿ ಕಾರಣ ಕೇಳುವ ಅಭ್ಯಾಸವೇ ಇಲ್ಲದವನಿಗೆ ಲಿಖಿತ ಕಾರಣದ ಹಕ್ಕು ಕೊಟ್ಟರೆ ಅದು ಗೆಜೆಟ್ಟಿನಲ್ಲೇ ಉಳಿಯುತ್ತದೆ. ಇಪ್ಪತ್ತೆರಡರ ಹುಡುಗ ಐಡಿ ಬ್ಲಾಕ್ ಆದ ದಿನ ಟೀಮ್ ಲೀಡರನಿಗೆ ಹತ್ತು ಸಲ ಫೋನ್ ಮಾಡುತ್ತಾನೆ. ಎತ್ತದಿದ್ದರೆ ಮರುದಿನ ಬೇರೆ ಆ್ಯಪಿಗೆ ಸೇರುತ್ತಾನೆ. ಕಾಗದ ಬರೆಯುವುದು ಅವನಿಗೆ ತೋಚುವುದೇ ಇಲ್ಲ. ತಾವಾದರೋ ಸ್ವೀಕೃತಿಯ ಸಹಿಯಿಲ್ಲದೆ ಯಾವ ಅರ್ಜಿಯನ್ನೂ ಕೊಟ್ಟವರಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಮೊದಲನೆಯದು, ವಾರಕ್ಕೊಂದು ಮಧ್ಯಾಹ್ನ ತಮ್ಮ ಸಂಘದ ಕೋಣೆಯನ್ನೋ ಬಡಾವಣೆಯ ವಾಚನಾಲಯವನ್ನೋ ಈ ಹುಡುಗರಿಗೆ ತೆರೆದಿಡಿ. ಊಟದ ಆರ್ಡರುಗಳ ಭರಾಟೆ ಇಳಿದು ಸಂಜೆಯದು ಇನ್ನೂ ಏರದ ಮೂರರಿಂದ ಐದರ ನಡುವಿನ ಹೊತ್ತು ಒಳ್ಳೆಯದು. ಆಗ ಅವರು ಹೇಗೂ ಯಾವುದೋ ಮರದ ಕೆಳಗೆ ಬೈಕಿನ ಮೇಲೆ ಕೂತಿರುತ್ತಾರೆ. ಮೊಬೈಲಿನಲ್ಲಿರುವ ಒಪ್ಪಂದವನ್ನು ತೆರೆಸಿ ಒಟ್ಟಿಗೆ ಓದಿ. ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡದ ಪ್ರತಿ ಬೇಕೆಂದು ಕೇಳುವ ಕಾಗದವೇ ಮೊದಲ ಕಾಗದವಾಗಲಿ. ಒಡಿಯಾ, ಅಸ್ಸಾಮಿ ಬಲ್ಲವನು ತನ್ನ ಭಾಷೆಯಲ್ಲಿ ಕೇಳಲಿ; ಕಾಯ್ದೆ ಅವನಿಗೂ ಸೇರಿದ್ದು.

ನೋಂದಣಿ ಆಗಿದೆಯೇ ಎಂದು ವಿಚಾರಿಸುವುದು ಇನ್ನೂ ತುರ್ತಿನದು. ರಾಜ್ಯ ಸರ್ಕಾರ 2023ರಲ್ಲಿ ಗಿಗ್ ಕಾರ್ಮಿಕರಿಗೆ ಉಚಿತ ವಿಮೆ ಘೋಷಿಸಿತು: ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಕೇಂದ್ರದ ಇ-ಶ್ರಮ್ ನೋಂದಣಿ 2021ರಿಂದ ಇದೆ. ಪ್ರೀಮಿಯಂ ಕಟ್ಟಬೇಕಿಲ್ಲದ ರಾಜ್ಯದ ವಿಮೆ ಹೆಸರು ಬರೆಸದವನ ಮನೆಗೆ ಬರುವುದಿಲ್ಲ. ಸೇವಾ ಸಿಂಧುವಿನಲ್ಲಿ ಅರ್ಜಿ ತುಂಬಲು ತಮ್ಮ ಮೊಮ್ಮಕ್ಕಳ ನೆರವು ಪಡೆಯಬಹುದು. ನಾಮನಿರ್ದೇಶಿತರ ಹೆಸರು ತಾಯಿಯದೋ ಹೆಂಡತಿಯದೋ, ಆಧಾರಿನಲ್ಲಿರುವ ಹೆಸರಿಗೂ ಬ್ಯಾಂಕಿನಲ್ಲಿರುವ ಹೆಸರಿಗೂ ಹೊಂದುತ್ತದೆಯೋ ಎಂದು ನೋಡಲು ಮಾತ್ರ ಪಿಎಫ್ ಕಚೇರಿಗೆ ಅಲೆದ ಅನುಭವವೇ ಬೇಕು.

ಕೆಲಸದಿಂದ ತೆಗೆದ ಪ್ರಸಂಗ ಬಂದರೆ ತಾರೀಖು, ಹೊತ್ತು, ಆರ್ಡರ್ ಸಂಖ್ಯೆ, ಪರದೆಯ ಚಿತ್ರಗಳನ್ನು ಜೋಡಿಸಿ ಒಂದು ಪುಟದ ದೂರು ಬರೆಯುವುದನ್ನು ಕಲಿಸಿ. ಮೊದಲು ಕಂಪನಿಯ ಸಮಿತಿಗೆ, ಅಲ್ಲಿ ಕೆಲಸವಾಗದಿದ್ದರೆ ಮುಂದಿನ ಮೆಟ್ಟಿಲು. ಬೈಗುಳವಿಲ್ಲದ, ಬೇಡಿಕೆ ಸ್ಪಷ್ಟವಾಗಿರುವ ಅರ್ಜಿ ಬರೆಯುವ ವಿದ್ಯೆ ಯಾವ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲೂ ಹೇಳಿಕೊಡುವುದಿಲ್ಲ. ಹುಡುಗರು ತಮ್ಮದೇ ಸಂಘ ಕಟ್ಟಿಕೊಂಡಿದ್ದರೆ ಅದರ ಚುಕ್ಕಾಣಿ ಹಿಡಿಯುವ ಆಸೆಯನ್ನು ಮಾತ್ರ ದಯವಿಟ್ಟು ದೂರವಿಡಿ. ಕೇಳಿದಾಗ ಸಲಹೆ, ಕರೆದಾಗ ಹಾಜರಿ, ಅಷ್ಟು ಸಾಕು.

ಕೊನೆಯದು ಮನೆಬಾಗಿಲಿನ ವಿಷಯ. ತಮ್ಮಲ್ಲಿ ಅನೇಕರು ಅಪಾರ್ಟ್‌ಮೆಂಟ್ ಸಂಘಗಳ, ಬಡಾವಣೆ ಸಂಘಗಳ ಪದಾಧಿಕಾರಿಗಳು. ಡೆಲಿವರಿಯವರು ಲಿಫ್ಟ್ ಬಳಸಕೂಡದೆಂಬ ಫಲಕ ಕೆಲವು ಕಟ್ಟಡಗಳಲ್ಲಿ ಇನ್ನೂ ತೂಗುತ್ತಿದೆ. ಶೌಚಾಲಯ ಕೇಳಿದರೆ ಸೆಕ್ಯೂರಿಟಿಯವನು ಮುಖ ತಿರುಗಿಸುತ್ತಾನೆ. ಆರ್ಡರ್ ತರುವ ಹೆಣ್ಣುಮಕ್ಕಳಿಗೆ ಇದು ಇಡೀ ದಿನದ ಸಂಕಟ. ಕಾಯ್ದೆ ಈ ಭಾರವನ್ನು ಕಂಪನಿಯ ಮೇಲೆ ಹಾಕಬಹುದು, ಆದರೆ ಕಂಪನಿಗೆ ವಿಮಾನಪುರದಲ್ಲಿ ಕಟ್ಟಡವಿಲ್ಲ, ತಮಗಿದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಫಲಕ ತೆಗೆಸುವ, ಗೇಟಿನ ಹತ್ತಿರದ ಶೌಚಾಲಯವನ್ನೂ ಕುಡಿಯುವ ನೀರಿನ ನಲ್ಲಿಯನ್ನೂ ಇವರಿಗೆ ಬಿಟ್ಟುಕೊಡುವ ನಿರ್ಣಯವನ್ನು ತಾವು ಮಂಡಿಸಬೇಕು. ಖರ್ಚು ಏನೂ ಇಲ್ಲದಷ್ಟು. ಆಕ್ಷೇಪಿಸುವವರು ಇದ್ದೇ ಇರುತ್ತಾರೆ, ಅವರನ್ನು ಎದುರಿಸುವ ರೂಢಿ ತಮಗಿದೆ.

ತಮ್ಮ ಬಡಾವಣೆಯಲ್ಲಿ ಇಂಥ ಮಧ್ಯಾಹ್ನದ ಕೂಟ ಆರಂಭವಾದರೆ ದಿನ, ಹೊತ್ತು, ಸ್ಥಳವನ್ನು ಆರ್ಡರುಗಳು ಹೆಚ್ಚಾಗಿ ಹೊರಡುವ ಹೋಟೆಲು ಮತ್ತು ದಿನಸಿ ಗೋದಾಮುಗಳ ಮುಂದೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ವಿಮಾನಪುರದ ಒಬ್ಬ ನಿವಾಸಿ